ಎರಡು ಮೊಟ್ಟೆ, ಇಪ್ಪತ್ತು ಕಿಲೋ

ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದೆವು. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿ ಅದು. ಮೇಲಿನ ಆರು ಮಹಡಿಗಳ ಹಾಸಿಗೆಗಳಿಂದ ಇಳಿಯುವ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲವೂ ಅಲ್ಲಿಗೇ ಬರಬೇಕು. ನನ್ನದು ಮೂಲೆಯ ಹೊಲಿಗೆ ಮೇಜು. ಹರಿದದ್ದನ್ನು ಹೊಲಿಯುವುದು, ಬಿಚ್ಚಿದ ಅಂಚನ್ನು ಮಡಿಸಿ ಹಾಕುವುದು, ಹೊಲಿದರೂ ಉಳಿಯದ್ದನ್ನು ಹರಿದು ಒರೆಸುವ ಬಟ್ಟೆ ಮಾಡುವುದು. ದೊಡ್ಡಕ್ಕನದು ಒದ್ದೆ ಕೆಲಸ. ಯಂತ್ರದ ಬಾಯಿ ತೆರೆದರೆ ಹಾಸುಗಳೆಲ್ಲ ಹಗ್ಗದ ಹಾಗೆ ಹೆಣೆದುಕೊಂಡು ಹೊರಬರುತ್ತವೆ. ಅವನ್ನು ಎಳೆದು ಬಿಡಿಸಿ, ಗಂಟು ಕಟ್ಟಿ, ಎತ್ತಿ, ಒಣಗಿಸುವ ಯಂತ್ರದ ಎದುರಿನ ಕಟ್ಟೆಯ ಮೇಲಿಡಬೇಕು. ಇಪ್ಪತ್ತೇಳು ವರ್ಷ ಅವಳು ಅದನ್ನೇ ಮಾಡಿದ್ದಳು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಹಿರಿಯಳು. ಆದರೂ ನಮ್ಮ ನಡುವೆ ಏಕವಚನದ ಸಲುಗೆ ಇತ್ತು, ಅದಕ್ಕೇ ಇಲ್ಲಿಯೂ ಹಾಗೇ ಬರೆಯುತ್ತಿದ್ದೇನೆ.

ಅವಳು ಎಂಥವಳು ಎಂಬುದಕ್ಕೆ ಒಂದು ಮಾತು ಸಾಕು. ಒಮ್ಮೆ ದಿಂಬಿನ ಚೀಲವೊಂದರಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತು. ನಾವು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆವು. ಅವಳು ಅದನ್ನು ತೊಳೆದು ಬಟ್ಟಲಿನಲ್ಲಿಟ್ಟುಕೊಂಡು, ಊಟದ ಬಿಡುವಿನಲ್ಲಿ ಮಹಡಿ ಮಹಡಿ ಹತ್ತಿ ನಾಲ್ಕನೆಯದರಲ್ಲಿ ಅದರ ಒಡೆಯರನ್ನು ಹುಡುಕಿಯೇಬಿಟ್ಟಳು. "ತಾತ, ನಿಮ್ಮ ನಗು ನಮ್ಮ ಮಷೀನಿಗೆ ಬಂದ್ಬಿಟ್ಟಿತ್ತು" ಎಂದಳಂತೆ. ವಾರ್ಡಿನ ನರ್ಸು ಕೆಳಗಿಳಿಯಿರಿ ಎಂದು ಗದರಿಸಿದರೂ, ತಾತ ಹಲ್ಲು ಹಾಕಿಕೊಂಡು ಬ್ರೆಡ್ಡು ಕಚ್ಚುವವರೆಗೂ ಅವಳು ಅಲ್ಲಾಡಲಿಲ್ಲವಂತೆ. ಯಾರಿಗೂ ಸೊಪ್ಪು ಹಾಕುವವಳಲ್ಲ. ಆದರೆ ಅದೆಲ್ಲ ಮನೆಯ ಹೊರಗೆ. ಮನೆಯೊಳಗಿನ ಅವಳ ಸಂಗತಿ ಬೇರೆಯೇ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ವರ್ಷ ಹೊಸ ಮ್ಯಾನೇಜರು ಬಂದರು. ಅವರು ಬಂದ ತಿಂಗಳಲ್ಲೇ ಒಬ್ಬ ಕೆಲಸಗಾರ ಸೊಂಟ ಹಿಡಿದು ಆರು ವಾರ ಮಲಗಿದ. ಅದಾದ ಮೇಲೆ ಗೋಡೆಗೆ ಒಂದು ಕಾಗದ ಅಂಟಿತು. ಒದ್ದೆ ಕೆಲಸದಲ್ಲಿರುವವರೆಲ್ಲ ಇಪ್ಪತ್ತು ಕಿಲೋ ಗಂಟನ್ನು ನೆಲದಿಂದ ಎತ್ತಿ ಕಟ್ಟೆಯ ಮೇಲಿಟ್ಟು ಮತ್ತೆ ಕೆಳಗಿಳಿಸಬೇಕು, ಹೀಗೆ ಹತ್ತು ಸಲ. ಆಗದವರು ಆ ಕೆಲಸದಲ್ಲಿರುವಂತಿಲ್ಲ, ಬೇರೆ ಕೆಲಸವೂ ಖಾಲಿ ಇಲ್ಲ. ಮ್ಯಾನೇಜರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಇನ್ನೊಂದು ಸೊಂಟ ಮುರಿಯಬಾರದು ಎಂಬ ಭಯ ಅವರದು.

ಪರೀಕ್ಷೆಯ ದಿನ ಮೂರನೇ ಯಂತ್ರದ ಹಾಸುಗಳಿಂದ ಗಂಟು ಕಟ್ಟಿದ್ದು ನಮ್ಮ ಮೇಸ್ತ್ರಿ. ದಿನವೂ ದೊಡ್ಡಕ್ಕ ತನ್ನ ಕೈಗೆ ಒಗ್ಗುವಷ್ಟೇ ಕಟ್ಟಿಕೊಳ್ಳುತ್ತಿದ್ದಳು. ಆವತ್ತಿನ ಗಂಟು ನೋಡಲಿಕ್ಕೇ ದಪ್ಪಗಿತ್ತು. ಎರಡು ಸಲ ಎತ್ತಿದಳು. ಮೂರನೆಯದು ಮೊಣಕಾಲಿನಿಂದ ಮೇಲೆ ಬರಲಿಲ್ಲ, ಕೈಜಾರಿ ದೊಪ್ಪೆಂದು ಬಿತ್ತು. ನೀರು ನಮ್ಮೆಲ್ಲರ ಕಾಲಿಗೆ ಸಿಡಿಯಿತು. ಅವಳಂತೆಯೇ ಇನ್ನಿಬ್ಬರು ಹೆಂಗಸರು ಸೋತರು, ಇಬ್ಬರೂ ಐವತ್ತು ದಾಟಿದವರು. ಒಬ್ಬಳು ದಪ್ಪ ಕನ್ನಡಕದವಳು, ಇನ್ನೊಬ್ಬಳು ಅವಳಿ ಮಕ್ಕಳ ತಾಯಿ. ಇನ್ನೊಂದು ಅವಕಾಶ ಬೇಕಾದರೆ ಮೂರು ತಿಂಗಳ ನಂತರ ಬನ್ನಿ, ಅಲ್ಲಿಯವರೆಗೆ ಮಾತ್ರ ಬಟ್ಟೆ ಮಡಿಸುವ ಮೇಜಿನಲ್ಲಿರಿ ಎಂದರು ಮ್ಯಾನೇಜರು. ಅವರಿಬ್ಬರೂ ತಲೆ ತಗ್ಗಿಸಿ ವಾರದೊಳಗೆ ಕೆಲಸ ಬಿಟ್ಟರು. ದೊಡ್ಡಕ್ಕ ಮಾತ್ರ ಒದ್ದೆ ಚಪ್ಪಲಿಯಲ್ಲೇ ಆಫೀಸಿಗೆ ಹೋಗಿ, ಮೂರು ತಿಂಗಳು ಎಂದು ಬರೆದು ಸಹಿ ಹಾಕಿಕೊಡಿ ಎಂದು ಕೇಳಿ, ಕಾಗದ ಕೈಗೆ ಬರುವತನಕ ನಿಂತೇ ಇದ್ದಳು.

ಅವಳ ಗಂಡ ಬಸ್ ಡ್ರೈವರಾಗಿ ನಿವೃತ್ತರಾದವರು. ನಾನು ಭಾವ ಎನ್ನುತ್ತೇನೆ. ಐವತ್ತೆಂಟು ಆಯಿತಲ್ಲ, ಇನ್ನು ಮನೆಯಲ್ಲಿ ಕೂತು ಆರಾಮ ಮಾಡು ಎಂದರು ಭಾವ. ಮಗನೂ ಅದನ್ನೇ ಹೇಳಿದ. ಮೂವತ್ತು ದಾಟಿದ ಮಗ, ಮೊಬೈಲ್ ಅಂಗಡಿಯಲ್ಲಿ ಕೆಲಸ. ಇಬ್ಬರೂ ಅವಳ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಮರುದಿನ ನನ್ನ ಮೇಜಿನ ಬಳಿ ಬಂದು ಅವಳು ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಬಿಡೋದಾದ್ರೆ ನನಗೆ ಸಾಕು ಅನ್ನಿಸ್ದಾಗ ಬಿಡ್ತೀನಿ ಕಣೆ. ಕೈಯಿಂದ ಗಂಟು ಬಿತ್ತು ಅಂತ ಮಾತ್ರ ಬಿಡಲ್ಲ."

ಆ ವಾರವೇ ಅವಳು ಜಿಮ್ಮಿಗೆ ಸೇರಿದಳು. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಕಬ್ಬಿಣದ ವಾಸನೆ, ಬೆವರಿನ ವಾಸನೆ, ಒಂದು ಕಡೆ ಸೀಳು ಬಿಟ್ಟ ಕನ್ನಡಿ. ನಡೆಸುವವಳು ಒಂದು ಕಾಲಕ್ಕೆ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗಿದ್ದ ಹೆಂಗಸು. ಈಗ ಎಡಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಾಳೆ. ಎಲ್ಲರೂ ಅವಳನ್ನು ಕೋಚ್ ಎನ್ನುತ್ತಾರೆ. ಮೊದಲ ದಿನ ಜೊತೆಗೆ ನಾನೂ ಹೋಗಿದ್ದೆ. ಅಲ್ಲಿದ್ದ ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ತುಂಬ ವಿನಯದಿಂದ, ಅಮ್ಮಾ ಯೋಗದ ಕ್ಲಾಸು ಪಕ್ಕದ ಬೀದಿಯಲ್ಲಿದೆ ಎಂದ. ದೊಡ್ಡಕ್ಕ ಅವನ ಎದುರಿಗಿದ್ದ ಕಬ್ಬಿಣದ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, "ದಾರಿ ಬಿಡಪ್ಪ" ಎಂದು ಒಳಗೆ ಹೋದಳು.

ಕೋಚ್ ನಗಲಿಲ್ಲ, ಹೊಗಳಲೂ ಇಲ್ಲ. ಸ್ಟೂಲಿನಿಂದ ಕೈ ಊರದೆ ಏಳಿಸಿ ಕೂರಿಸಿದಳು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗುವುದನ್ನು ಕಲಿಸಿದಳು. ಆಮೇಲೆ ಮರಳು ತುಂಬಿದ ಚೀಲವನ್ನು ನೆಲದಿಂದ ಮೇಜಿಗೆ ಎತ್ತಿಸಿದಳು. ಹತ್ತು ಸಲ ಎತ್ತಲು ಆದದ್ದು ಹದಿನಾರು ಕಿಲೋ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ವಾರಕ್ಕೆ ಮೂರು ಸಂಜೆ, ಪಾಳಿ ಮುಗಿಸಿ ನೇರ ಅಲ್ಲಿಗೆ.

ಮೂರನೇ ವಾರಕ್ಕೆ ಹದಿನೇಳಾಯಿತು. ಅಲ್ಲಿಗೆ ನಿಂತಿತು. ನಾಲ್ಕನೇ ವಾರ ಹದಿನೇಳು, ಐದನೇ ವಾರ ಹದಿನೇಳು. ತೊಡೆಯ ನೋವು ಎರಡು ದಿನಕ್ಕೆ ಹೋಗಬೇಕಾದದ್ದು ನಾಲ್ಕು ದಿನವಾದರೂ ಹೋಗುತ್ತಿರಲಿಲ್ಲ. ಮಡಿಸುವ ಮೇಜಿನಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದಳು. ಮೈ ತುಂಬುವ ಬದಲು ಕೆನ್ನೆ ಒಳಗೆ ಹೋಗಿತ್ತು. ನಾನೇ ಬೇಡ ಬಿಡು ಎಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಎದ್ದು ಹೋದಳು.

ಆ ಸಂಜೆ ಕೋಚ್ ಅವಳಿಗೆ ಚೀಲ ಮುಟ್ಟಲು ಬಿಡಲಿಲ್ಲವಂತೆ. ಮೂರು ದಿನ ಏನೇನು ತಿನ್ನುತ್ತೀರೋ ಎಲ್ಲ ಬರೆದು ತನ್ನಿ ಎಂದಳಂತೆ. ದೊಡ್ಡಕ್ಕನಿಗೆ ಬರವಣಿಗೆ ಎಂದರೆ ಬೇಸರ. ಹಾಗಾಗಿ ಅವಳು ಹೇಳಿದಳು, ನಾನು ಹೊಲಿಗೆ ಮೇಜಿನ ಮೇಲೆ ಬರೆದೆ. ಬೆಳಿಗ್ಗೆ ಟೀ, ಎರಡು ತುಂಡು ಬ್ರೆಡ್ಡು. ಮಧ್ಯಾಹ್ನ ಅನ್ನ, ತರಕಾರಿ. ಸಂಜೆ ಟೀ. ರಾತ್ರಿ ಊಟಕ್ಕೆ ಅನ್ನ, ಮಾಂಸದ ರಸ, ಆಲೂಗಡ್ಡೆ.

"ಮಾಂಸ?" ಎಂದು ಕೇಳಿದೆ.

"ಅದು ಅವರಿಬ್ರಿಗೆ. ನನಗೆ ರಸ ಸಾಕು."

"ಮೊಟ್ಟೆ?"

"ತರ್ತೀನಲ್ಲ, ದಿನಾ ನಾಲ್ಕು. ಅವರಿಗೆರಡು, ಅವನಿಗೆರಡು."

"ಹಾಲು?"

"ಟೀಗೆ ಹಾಕ್ತೀನಲ್ಲೇ."

ಬರೆಯುತ್ತ ಬರೆಯುತ್ತ ನನ್ನ ಕೈ ನಿಧಾನವಾಯಿತು. ನನ್ನ ಮನೆಯ ಪಟ್ಟಿ ಬರೆದರೂ ಇದೇ ಆಗುತ್ತಿತ್ತು. ನಮಗೆ ಯಾರೂ ತಿನ್ನಬೇಡ ಎಂದಿರಲಿಲ್ಲ. ಬಡಿಸುವವಳು ಕೊನೆಗೆ ಕೂರುತ್ತಾಳೆ, ಕೊನೆಗೆ ಉಳಿಯುವುದು ರಸ, ಅಷ್ಟೇ. ತನಗೆ ಮಾಂಸ ಸೇರುವುದಿಲ್ಲ ಎಂದು ಅವಳು ಎಷ್ಟು ವರ್ಷ ಹೇಳಿಕೊಂಡು ಬಂದಿದ್ದಳೆಂದರೆ, ಅದು ನಿಜವೋ ಸುಳ್ಳೋ ಎಂದು ಅವಳಿಗೇ ಮರೆತುಹೋಗಿತ್ತು.

ಪಟ್ಟಿ ನೋಡಿ ಕೋಚ್ ಕುರ್ಚಿ ಎಳೆದು ಅವಳ ಎದುರು ಕೂತಳು. ಆವತ್ತು ನಾನೂ ಇದ್ದೆ. ಎತ್ತುವಾಗ ಮೈ ಬೆಳೆಯುವುದಿಲ್ಲ ಎಂದು ಅವಳು ಹೇಳಿದಳು. ಎತ್ತುವಾಗ ಸ್ನಾಯು ದಣಿದು ಅಲ್ಲಲ್ಲಿ ಜಖಂ ಆಗುತ್ತದೆ, ಆಮೇಲೆ ಎರಡು ದಿನ ಮೈ ಅದನ್ನು ಸರಿ ಮಾಡುತ್ತ, ಮೊದಲಿಗಿಂತ ಸ್ವಲ್ಪ ಗಟ್ಟಿ ಮಾಡುತ್ತದೆ. ಹಾಗೆ ಮಾಡಲು ಅದಕ್ಕೆ ಬೇಕಾದದ್ದು ಪ್ರೋಟೀನು, ಅಂದರೆ ಮೊಟ್ಟೆ, ಹಾಲು, ಮೊಸರು, ಕಾಳು, ಮೀನು, ಮಾಂಸ. ಅನ್ನ, ಬ್ರೆಡ್ಡಿನಲ್ಲಿ ಅದು ಇದ್ದರೂ ಕಡಿಮೆ. "ಇವರ ಮೇಜಿನ ಮೇಲೆ ಹರಿದ ಬಟ್ಟೆ ರಾಶಿ ಹಾಕಿ, ಸೂಜಿನೂ ಕೊಟ್ಟು, ದಾರ ಮಾತ್ರ ಕೊಡದೆ ಹೊಲಿ ಅಂದ್ರೆ ಏನ್ ಮಾಡ್ತಾರೆ?" ಎಂದು ನನ್ನ ಕಡೆ ಕೈ ತೋರಿಸಿದಳು. "ನೀವು ವಾರಕ್ಕೆ ಮೂರು ಸಲ ಬಟ್ಟೆ ಹರೀತಿದ್ದೀರ ಅಕ್ಕ, ದಾರ ತರ್ತಿಲ್ಲ."

ದೊಡ್ಡಕ್ಕ ಬಿಡಲಿಲ್ಲ. ತಾನೇನು ಬೆಳೆಯುವ ಹುಡುಗಿಯೇ, ವಯಸ್ಸಾದವರಿಗೆ ಕಡಿಮೆ ಊಟ ಸಾಕಲ್ಲವೇ ಎಂದು ಕೇಳಿದಳು.

"ಅದೇ ತಪ್ಪು. ವಯಸ್ಸಾದ ಸ್ನಾಯುಗೆ ಕಿವಿ ಮಂದ. ಹುಡುಗ್ರ ಮೈಗೆ ಪಿಸುಗುಟ್ಟಿದ್ರೂ ಕೇಳ್ಸುತ್ತೆ, ನಮ್ಮದಕ್ಕೆ ಜೋರಾಗಿ ಹೇಳ್ಬೇಕು. ಅಲ್ಲೊಂಚೂರು ಇಲ್ಲೊಂಚೂರು ತಿಂದ್ರೆ ಅದಕ್ಕೆ ಗೊತ್ತೇ ಆಗಲ್ಲ. ಮೂರು ಹೊತ್ತೂ ಸರಿಯಾಗಿ ತಿನ್ನಿ."

ಲೆಕ್ಕ ಸುಲಭವಾಗಿತ್ತು. ಬೆಳಿಗ್ಗೆ ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಬೇಯಿಸಿದ ಕಾಳು, ಜೊತೆಗೆ ಮೊಸರು. ರಾತ್ರಿ ಊಟಕ್ಕೆ ಅಂಗೈಯಗಲದ ಮೀನೋ ಮಾಂಸವೋ. ಅನ್ನ ಬಿಡಬೇಕಾಗಿಲ್ಲ, ಹೊಟ್ಟೆ ತುಂಬ ತಿನ್ನದೆ ಯಾವುದೂ ಆಗುವುದಿಲ್ಲ. ಮಗನ ಪೌಡರು ತಿನ್ನಬೇಕೇ ಎಂದು ದೊಡ್ಡಕ್ಕ ಕೇಳಿದಳು. ಮಗ ಬಕೆಟ್ಟಿನಷ್ಟು ದೊಡ್ಡ ಡಬ್ಬದಲ್ಲಿ ಪ್ರೋಟೀನ್ ಪೌಡರು ತಂದಿಟ್ಟುಕೊಂಡು, ದಿನಕ್ಕೆ ಮೂರು ಚಮಚ ಹಾಲಿಗೆ ಕಲಸಿ ಕುಡಿದು, ಸೋಫಾದ ಮೇಲೆ ಮಲಗುತ್ತಿದ್ದ. ತೋಳು ಹಾಗೇ ಇತ್ತು, ಹೊಟ್ಟೆ ಮಾತ್ರ ಚೆನ್ನಾಗಿ ಬೆಳೆದಿತ್ತು. ಕೋಚ್‌ಗೆ ಆಗ ಮೊದಲ ಸಲ ನಗು ಬಂತು. ಅವನ ಹತ್ತಿರ ದಾರದ ಉಂಡೆಗಳು ಗೋದಾಮಿನಷ್ಟಿವೆ, ಹೊಲಿಯಲು ಬಟ್ಟೆಯೇ ಇಲ್ಲ ಎಂದಳು.

ಜಿಮ್ಮಿಗೆ ಹೋಗುವುದಕ್ಕೆ ಅವಳಿಗೆ ಧೈರ್ಯ ಬೇಕಾಗಿರಲಿಲ್ಲ. ತನ್ನದೇ ಊಟದ ಮೇಜಿನಲ್ಲಿ ಮೊದಲು ಕೂರುವುದಕ್ಕೆ ಬೇಕಾಯಿತು. ಎರಡು ದಿನ ಆಗಲಿಲ್ಲ ಎಂದು ನನ್ನ ಹತ್ತಿರ ಒಪ್ಪಿಕೊಂಡಳು. ತಟ್ಟೆಗೆ ಮೊಟ್ಟೆ ಹಾಕಿಕೊಳ್ಳುತ್ತಿದ್ದಳು, ಮಗ ಬಂದು ಕೂತೊಡನೆ ಕೈ ತಾನಾಗಿ ಅದನ್ನು ಅವನ ತಟ್ಟೆಗೆ ದಾಟಿಸುತ್ತಿತ್ತು. ಮೂರನೇ ದಿನ ಭಾನುವಾರ. ಮಧ್ಯಾಹ್ನ ಮೀನು ಬೇಯಿಸಿದ್ದಳು, ನಾಲ್ಕು ತುಂಡು. ಗಂಡನಿಗೆ ಒಂದು, ಮಗನಿಗೆ ಒಂದು ಹಾಕಿ, ಎರಡನ್ನು ತನಗೆ ಹಾಕಿಕೊಂಡು ಅವರ ಜೊತೆಯಲ್ಲೇ ಕೂತಳು.

ಭಾವ ಪಾತ್ರೆಯೊಳಗೆ ಬಗ್ಗಿ ನೋಡಿದರು. ಬರೀ ರಸ. "ಇನ್ನೊಂದು ತುಂಡು ಎಲ್ಲಿ?"

"ನನ್ನ ತಟ್ಟೇಲಿದೆ."

"ಈ ವಯಸ್ಸಲ್ಲಿ ನಿನಗ್ಯಾಕೆ ಇದೆಲ್ಲ?"

"ಈ ವಯಸ್ಸಿಗೇ ಬೇಕಂತೆ" ಎಂದು ಅವಳು ಮುಳ್ಳು ತೆಗೆದು ಬಾಯಿಗಿಟ್ಟಳು. "ಮೂವತ್ತನಾಲ್ಕು ವರ್ಷ ರಸ ಕುಡ್ದಿದ್ದೀನಿ ರೀ. ಒಂದು ದಿನ ನೀವೂ ಕುಡ್ದು ನೋಡಿ."

ಭಾವ ಮುಖ ಊದಿಸಿಕೊಂಡು ಎದ್ದರು. ಎರಡು ಹೊತ್ತು ಊಟ ಮಾಡಲಿಲ್ಲ. ಅವಳು ಕರೆಯಲೂ ಇಲ್ಲ. ಮೂರನೇ ಹೊತ್ತಿಗೆ ತಟ್ಟೆಯ ಮುಂದೆ ಬಂದು ಕೂತಿದ್ದರು. ನಂತರ ಹೊಸ ರಾಗ ತೆಗೆದರು: ಇಷ್ಟು ಮೊಟ್ಟೆ ಮಾಂಸ ತಿಂದರೆ ಕಿಡ್ನಿ ಹೋಗುತ್ತದೆ, ಯಾರೋ ಹೇಳಿದರು. ಈ ಮಾತು ಅವಳಿಗೆ ಸ್ವಲ್ಪ ತಾಗಿತು. ನಮ್ಮದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಳು. ಕಿಡ್ನಿಯ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು, ನಿಮ್ಮದು ಚೆನ್ನಾಗಿದೆ, ಇಷ್ಟು ತಿಂದರೆ ಏನೂ ಆಗುವುದಿಲ್ಲ ಎಂದರು ಡಾಕ್ಟರು. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಗನಿಗೆ, ನಾಳೆಯಿಂದ ಮೊಟ್ಟೆ ನೀನೇ ತಾ, ನಾಲ್ಕರ ಬದಲು ಆರು, ತರದಿದ್ದರೆ ಇರುವ ನಾಲ್ಕರಲ್ಲಿ ಮೊದಲ ಎರಡು ನನ್ನವು ಎಂದಳು. ಅವನು ತಂದ.

ಮಧ್ಯಾಹ್ನ ಅವಳ ಡಬ್ಬದಲ್ಲಿ ಕಾಳು ಬರತೊಡಗಿತು. ನನ್ನ ಡಬ್ಬದ ಕಡೆ ಕಣ್ಣು ಹಾಯಿಸಿ, ಅರ್ಧ ಬಟ್ಟಲು ನನಗೆ ಸುರಿಯುತ್ತಿದ್ದಳು. ನಾಲ್ಕು ದಿನ ಸುಮ್ಮನೆ ತಿಂದೆ. ಐದನೇ ದಿನ ನಾಚಿಕೆಯಾಗಿ ನಾನೂ ಬೇಯಿಸಿಕೊಂಡು ಬಂದೆ.

ಪವಾಡವೇನೂ ನಡೆಯಲಿಲ್ಲ. ಏಳನೇ ವಾರ ಹದಿನೇಳೂವರೆ, ಎಂಟನೇ ವಾರ ಹದಿನೆಂಟು. ಆದರೆ ತೊಡೆಯ ನೋವು ಎರಡೇ ದಿನಕ್ಕೆ ಇಳಿಯುತ್ತಿತ್ತು, ತೂಕಡಿಕೆ ನಿಂತಿತು. ಇದೆಲ್ಲ ಮೊಟ್ಟೆಯ ಮಹಿಮೆ ಎಂದು ಅವಳು ಜಿಮ್ಮಿನಲ್ಲಿ ಸಾರತೊಡಗಿದಾಗ ಕೋಚ್ ತಡೆದಳು. ಎತ್ತುವುದು ಮೊಟ್ಟೆಯಲ್ಲ, ನೀವು. ಇದರಲ್ಲಿ ಊಟದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ಯಾರೂ ಕತ್ತರಿಸಿ ಹೇಳಲಾರರು, ದೊಡ್ಡ ಪಾಲು ಅಭ್ಯಾಸದ್ದೇ, ಊಟ ಅದನ್ನು ದಂಡವಾಗಲು ಬಿಡುವುದಿಲ್ಲ ಅಷ್ಟೇ ಎಂದಳು. ದೊಡ್ಡಕ್ಕನಿಗೆ ಆ ಮಾತು ಮೊಟ್ಟೆಗಿಂತ ಹೆಚ್ಚು ಇಷ್ಟವಾಯಿತು. ಹನ್ನೊಂದನೇ ವಾರ ಇಪ್ಪತ್ತು ಮುಟ್ಟಿದಳು. ಹನ್ನೆರಡನೇ ವಾರ ಇಪ್ಪತ್ತೊಂದು. ಯೋಗದ ಕ್ಲಾಸಿಗೆ ದಾರಿ ತೋರಿಸಿದ್ದ ಹುಡುಗ ಆವತ್ತು ಗಟ್ಟಿಯಾಗಿ ಎಣಿಸಿದನಂತೆ.

ಮೂರು ತಿಂಗಳು ತುಂಬಿದ ದಿನ, ಬೆಳಿಗ್ಗೆ ಹತ್ತಕ್ಕೆ, ಅವಳು ತನ್ನ ಕಾಗದ ಹಿಡಿದು ಕಟ್ಟೆಯ ಎದುರು ನಿಂತಳು. ಮ್ಯಾನೇಜರು ಬಂದರು. ಮೇಸ್ತ್ರಿ ಮೂರನೇ ಯಂತ್ರದಿಂದ ಹಾಸುಗಳನ್ನು ಎಣಿಸಿ ತೆಗೆದು ಗಂಟು ಕಟ್ಟಿದ. ನಾವೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ನೋಡುತ್ತಿದ್ದೆವು.

ಒಂದು ಸಲ ಎತ್ತಿದಳು, ಇಳಿಸಿದಳು. ಎರಡನೆಯ ಸಲ ಎತ್ತಿ, ಕಟ್ಟೆಯ ಮೇಲಿಟ್ಟು, ಕೈ ತೆಗೆದುಬಿಟ್ಟಳು.

"ಇದು ಇಪ್ಪತ್ತಲ್ಲ" ಎಂದಳು.

ಮೇಸ್ತ್ರಿ, ಎಲ್ಲರಿಗೂ ಇದೇ ಗಂಟು, ಎಣಿಸಿಯೇ ಕಟ್ಟಿದ್ದು ಎಂದ. ಮ್ಯಾನೇಜರು ಮೆತ್ತಗೆ, ಆಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ ಎಂದರು.

"ಆಗಲ್ಲ ಅಂತ ನಾನು ಹೇಳ್ಲಿಲ್ಲ. ಹನ್ನೆರಡು ವಾರ ಇಪ್ಪತ್ತು ಅಂದ್ರೆ ಎಷ್ಟು ಅಂತ ಈ ಕೈಗೆ ಕಲಿಸಿದ್ದೀನಿ ಸರ್. ಇದು ಇಪ್ಪತ್ತಲ್ಲ. ತೂಕ ಹಾಕಿ."

ಕೊಳಕು ಬಟ್ಟೆ ತೂಗುವ ಯಂತ್ರ ಬಾಗಿಲ ಪಕ್ಕದಲ್ಲೇ ಇತ್ತು. ಗಂಟನ್ನು ಅದರ ಮೇಲಿಡಲು ಮೇಸ್ತ್ರಿಯೇ ಎರಡು ಸಲ ಉಸಿರು ತೆಗೆದುಕೊಂಡ. ಇಪ್ಪತ್ತನಾಲ್ಕು ಕಿಲೋ ಎಂದು ತೋರಿಸಿತು.

ಮೋಸವೇನೂ ಇರಲಿಲ್ಲ, ಬರೀ ಅಸಡ್ಡೆ. ಮೊದಲು ಎಂದೋ ಒಂದು ದಿನ ಒಂದನೇ ಯಂತ್ರದ ಹಾಸುಗಳನ್ನು ತೂಗಿ, ಇಷ್ಟು ಹಾಸು ಅಂದರೆ ಇಪ್ಪತ್ತು ಕಿಲೋ ಎಂದು ಗುರುತು ಹಾಕಿಕೊಂಡಿದ್ದರು. ಮೂರನೇ ಯಂತ್ರ ಹಳೆಯದು, ಸರಿಯಾಗಿ ಹಿಂಡುವುದಿಲ್ಲ ಎಂದು ನಮಗೆಲ್ಲ ಗೊತ್ತು. ಅದರ ಹಾಸುಗಳು ನೀರು ಕುಡಿದುಕೊಂಡೇ ಬರುತ್ತವೆ. ಆ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮ್ಯಾನೇಜರ ಮುಖ ಕೆಂಪಾಯಿತು. ತಾವೇ ಬಗ್ಗಿ ಗಂಟು ಬಿಚ್ಚಿ, ಹಾಸುಗಳನ್ನು ತೆಗೆದು, ಮುಳ್ಳು ಇಪ್ಪತ್ತಕ್ಕೆ ನಿಲ್ಲುವವರೆಗೆ ಸರಿ ಮಾಡಿದರು. ಆ ಎರಡು ಸಲವನ್ನೂ ಸೇರಿಸಿಕೊಳ್ಳೋಣ, ಇನ್ನು ಎಂಟು ಸಾಕು ಎಂದರು. ದೊಡ್ಡಕ್ಕ ಒಪ್ಪಲಿಲ್ಲ. "ಮೊದಲಿಂದ ಎಣಿಸಿ" ಎಂದಳು.

ಹತ್ತು ಸಲ ಎತ್ತಿದಳು. ಎಂಟನೆಯದಕ್ಕೆ ತೋಳು ನಡುಗಿತು, ಒಂಬತ್ತನೆಯದಕ್ಕೆ ಕತ್ತಿನ ನರ ಎದ್ದು ಕಂಡಿತು, ಹತ್ತನೆಯದನ್ನು ಕಟ್ಟೆಯ ಮೇಲೆ ಇಟ್ಟು ಅದಕ್ಕೇ ಒರಗಿ ನಿಂತಳು. ನಾವು ಚಪ್ಪಾಳೆ ತಟ್ಟಲು ಹೋದಾಗ ಕೈ ಎತ್ತಿ ತಡೆದಳು. ಉಸಿರು ಹತೋಟಿಗೆ ಬಂದ ಮೇಲೆ ಮ್ಯಾನೇಜರ ಕಡೆ ತಿರುಗಿದಳು.

"ನನ್ನ ಜೊತೆ ಇನ್ನಿಬ್ರು ಬಿದ್ರಲ್ಲ ಸರ್, ಅವರು ಎತ್ತಿದ್ದೂ ಮೂರನೇ ಮಷೀನಿನ ಗಂಟೇ. ಅವರನ್ನ ವಾಪಸ್ ಕರೀರಿ. ತೂಕ ಹಾಕಿ ಕೊಡಿ, ಎತ್ತಲಿ. ಆಗ್ಲಿಲ್ಲ ಅಂದ್ರೆ ಮೂರು ತಿಂಗಳು ಕೊಡಿ, ನಾನು ಕರ್ಕೊಂಡು ಹೋಗ್ತೀನಿ."

ನೋಡೋಣ ಎಂದರು ಮ್ಯಾನೇಜರು. ನೋಡೋಣ ಎಂದರೆ ಏನೆಂದು ನಮಗೆಲ್ಲ ಗೊತ್ತಲ್ಲ. ಅವಳು ಮರುದಿನ ಕೇಳಿದಳು, ಅದರ ಮರುದಿನವೂ ಕೇಳಿದಳು, ಒಂಬತ್ತನೇ ದಿನ ಅವರು ಕಾಗದ ಬರೆದರು. ಅವಳಿ ಮಕ್ಕಳ ತಾಯಿ ಅಷ್ಟರಲ್ಲಿ ಮಗಳ ಮನೆಗೆಂದು ಬೇರೆ ಊರಿಗೆ ಹೋಗಿಯಾಗಿತ್ತು, ಬರಲಿಲ್ಲ. ಕನ್ನಡಕದವಳು ಬಂದಳು. ಸರಿಯಾಗಿ ತೂಗಿದ ಇಪ್ಪತ್ತನ್ನು ಎಂಟು ಸಲ ಎತ್ತಿ ಸುಸ್ತಾದಳು. ದೊಡ್ಡಕ್ಕ ಮಾತು ಕೊಟ್ಟಂತೆ ಅವಳನ್ನು ಸೈಕಲ್ ಅಂಗಡಿಯ ಮೇಲಕ್ಕೆ ಕರೆದುಕೊಂಡು ಹೋದಳು. ಮೊದಲ ದಿನವೇ, ಏನು ಎತ್ತುತ್ತೀಯ ಎಂದು ಕೇಳುವ ಮುಂಚೆ, ಏನು ತಿನ್ನುತ್ತೀಯ ಎಂದು ಕೇಳಿದಳಂತೆ. ಆರು ವಾರಕ್ಕೆ ಕನ್ನಡಕದವಳೂ ಹತ್ತು ಎತ್ತಿದಳು.

ಇದಾಗಿ ಮೂರು ವರ್ಷವಾಯಿತು. ಗೋಡೆಯ ಕಾಗದದಲ್ಲಿ ಈಗ 'ತೂಗಿದ' ಎಂಬ ಪದ ಸೇರಿದೆ. ಹೋದ ಚಳಿಗಾಲದಲ್ಲಿ ದೊಡ್ಡಕ್ಕ ಜ್ವರದಿಂದ ಮೂರು ವಾರ ಮಲಗಿದಳು, ಎದ್ದಾಗ ಹದಿನೈದು ಕಿಲೋ ಎತ್ತಲೂ ಆಗಲಿಲ್ಲ. ಒಂದು ಸಂಜೆ ಅತ್ತಳು, ಮರುದಿನ ಮರಳಿನ ಚೀಲ ಹಿಡಿದಳು. ಮಗ ಎರಡು ಸಲ ಜಿಮ್ಮಿಗೆ ಬಂದು, ಮೆಟ್ಟಿಲು ಜಾಸ್ತಿ ಎಂದು ಬಿಟ್ಟ. ಭಾವನಿಗೆ ಈಗ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಬೇಕು. ಇಷ್ಟು ವರ್ಷ ಮೀನಿನ ದೊಡ್ಡ ತುಂಡು ತಿಂದವರು, ಆದರೆ ಕೂತೇ ದುಡಿದವರು, ನಿವೃತ್ತರಾದ ಮೇಲೂ ಕೂತೇ ಇದ್ದವರು. ದಿನವೂ ಸಂಜೆ ಅವಳು ಅವರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, ಕೈ ಊರದೆ ಏಳಿ, ಕೂರಿ ಎಂದು ಎಣಿಸುತ್ತಾಳೆ. ನಿನ್ನೆ ಎಂಟು ಸಲ ಎದ್ದರಂತೆ. ಒಂಬತ್ತನೆಯದಕ್ಕೆ ಜಗಳವಾಯಿತಂತೆ. ಗೆದ್ದವರು ಯಾರು ಎಂದು ಕೇಳಿದೆ. "ಹತ್ತು ಮಾಡಿಸ್ದೆ" ಎಂದಳು.